ಪುರಾವೆ ಕೇಳಿದರೆ ಪರಂಪರೆಗೆ ಅವಮಾನವೇ?

ಸಕ್ಕರೆ ಕಾಯಿಲೆ ಬುಡಸಮೇತ ವಾಸಿ. ಮೂತ್ರಪಿಂಡದ ಕಲ್ಲು ಹದಿನೈದೇ ದಿನದಲ್ಲಿ ಮಾಯ. ಇನ್ಸುಲಿನ್ ಬಿಡಿ, ನಮ್ಮ ಪುಡಿ ಕುಡಿಯಿರಿ. ಈ ಬಗೆಯ ಜಾಹೀರಾತು ಕಣ್ಣಿಗೆ ಬೀಳದ ದಿನವಿಲ್ಲ. ಬೆಳಗಿನ ಟಿ.ವಿ. ಕಾರ್ಯಕ್ರಮದಲ್ಲಿ, ಪತ್ರಿಕೆಯ ಒಳಪುಟದಲ್ಲಿ, ಬಸ್ ನಿಲ್ದಾಣದ ಗೋಡೆಯ ಮೇಲೆ, ಮೊಬೈಲಿನಲ್ಲಿ, ಎಲ್ಲೆಲ್ಲೂ ಇವೆ. ಇವು ಅಚ್ಚಾಗುವ ಮೊದಲೇ ತಡೆಯಬಲ್ಲ ಒಂದು ನಿಯಮ ನಮ್ಮಲ್ಲಿತ್ತು. ಅದನ್ನು ತೆಗೆದುಹಾಕಿದ್ದು ಜನರ ಆರೋಗ್ಯ ಕಾಯಬೇಕಾದ ಸರ್ಕಾರವೇ.

2018ರ ಡಿಸೆಂಬರ್‌ನಲ್ಲಿ ಔಷಧ ಮತ್ತು ಸೌಂದರ್ಯವರ್ಧಕಗಳ ನಿಯಮಾವಳಿಗೆ 170ನೇ ನಿಯಮ ಸೇರಿತು. ಆಯುರ್ವೇದ, ಸಿದ್ಧ, ಯುನಾನಿ ಔಷಧಿ ತಯಾರಕರು ಜಾಹೀರಾತು ಕೊಡುವ ಮೊದಲು ಅದನ್ನು ರಾಜ್ಯದ ಪರವಾನಗಿ ಅಧಿಕಾರಿಗೆ ತೋರಿಸಬೇಕು, ಒಪ್ಪಿಗೆಯ ಸಂಖ್ಯೆ ಪಡೆಯಬೇಕು. ಅದು ಕೇಳಿದ್ದು ಇಷ್ಟನ್ನೇ. ಮದ್ದು ಮಾರಬೇಡಿ ಎಂದು ಯಾರೂ ಹೇಳಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಆಯುಷ್ ಸಚಿವಾಲಯ, ಈ ನಿಯಮದಡಿ ಯಾರ ಮೇಲೂ ಕ್ರಮ ಬೇಡ ಎಂದು ರಾಜ್ಯಗಳಿಗೆಲ್ಲ ಪತ್ರ ಬರೆಯಿತು. ಪತಂಜಲಿ ಕಂಪನಿಯ ದಾರಿತಪ್ಪಿಸುವ ಜಾಹೀರಾತುಗಳ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಈ ಪತ್ರವನ್ನು ತೀವ್ರವಾಗಿ ಪ್ರಶ್ನಿಸಿತು. ಆಗ ಸಚಿವಾಲಯ ತಿದ್ದಿಕೊಳ್ಳಲಿಲ್ಲ. 2024ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿ ನಿಯಮವನ್ನೇ ಕೈಬಿಟ್ಟಿತು. ನ್ಯಾಯಾಲಯ ಆಗಸ್ಟ್‌ನಲ್ಲಿ ಅದಕ್ಕೆ ತಡೆ ಕೊಟ್ಟಿತಾದರೂ 2025ರ ಆಗಸ್ಟ್ 11ರಂದು ಪ್ರಕರಣ ಮುಗಿದಾಗ ಆ ತಡೆಯೂ ತೆರವಾಯಿತು.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ಕಾಯ್ದೆ ಮಧುಮೇಹ, ಕ್ಯಾನ್ಸರ್ ಮೊದಲಾದ ಕಾಯಿಲೆಗಳ ಹೆಸರು ಪಟ್ಟಿ ಮಾಡಿ, ಇವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ ಎನ್ನುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಗರಿಷ್ಠ ಆರು ತಿಂಗಳ ಸಜೆ, ಇಲ್ಲವೇ ದಂಡ. ಆದರೆ ಅದು ಕೆಲಸ ಶುರು ಮಾಡುವುದು ಜಾಹೀರಾತು ಹೊರಬಿದ್ದ ಮೇಲೆ, ಯಾರಾದರೂ ದೂರು ಕೊಟ್ಟ ಮೇಲೆ. ಟೈಪ್ 1 ಮಧುಮೇಹ ಇರುವ ಮಗುವಿನ ತಾಯಿ ಜಾಹೀರಾತು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಆ ಮಗುವಿಗೆ ಉಳಿಯುವುದು ಕೆಲವೇ ದಿನ. ನ್ಯಾಯಾಲಯದ ಸಮನ್ಸ್ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಪರವಾನಗಿ ಕೊಡುವಾಗಲೇ ಪರೀಕ್ಷೆ ನಡೆದಿರುತ್ತದೆಂದು ಬಹಳ ಜನ ನಂಬಿದ್ದಾರೆ. ಆದರೆ ಶಾಸ್ತ್ರಗ್ರಂಥದಲ್ಲಿ ಹೇಳಿದ ಮದ್ದನ್ನು ಅದೇ ಕಾಯಿಲೆಗೆ ತಯಾರಿಸಿದರೆ, ಗ್ರಂಥದ ಆಧಾರವೇ ಸಾಕು. ಹೊಸದಾಗಿ ಸುರಕ್ಷತಾ ಪರೀಕ್ಷೆ ಬೇಕಿಲ್ಲ. ನಮ್ಮ ನಿಯಮ ಇರುವುದೇ ಹೀಗೆ. ಗ್ರಂಥ ಬರೆದವರು ಆ ಕಾಲದ ಜ್ಞಾನವನ್ನೆಲ್ಲ ಸುರಿದು ಬರೆದಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಇಂದು ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಅರೆಯುವ ಬೇರು ಯಾವ ಮಣ್ಣಿನದು, ಆ ಮಣ್ಣಿನಲ್ಲಿ ಸೀಸ ಎಷ್ಟಿದೆ ಎಂಬುದನ್ನು ಅವರು ಹೇಗೆ ಹೇಳಿಯಾರು? 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಸಂಶೋಧಕರು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಐದಕ್ಕೆ ಒಂದು.

ಅಮೃತಬಳ್ಳಿಯ ಕತೆ ಇನ್ನೂ ಹತ್ತಿರದ್ದು. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿಯದ ಮನೆ ನಮ್ಮಲ್ಲಿ ಕಡಿಮೆ. ಹಿತ್ತಲಿನ ಬಳ್ಳಿ ಸಾಲದೆ ಅಂಗಡಿಯಿಂದ ಪುಡಿ, ಮಾತ್ರೆ ತಂದು ತಿಂಗಳುಗಟ್ಟಲೆ ಸೇವಿಸಿದರು. ಮುಂಬೈನ ವೈದ್ಯರು 2020ರ ಕೊನೆಯ ತಿಂಗಳುಗಳಲ್ಲಿ ಹೀಗೆ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಕಂಡು ಮರುವರ್ಷ ಪ್ರಕಟಿಸಿದರು. ಬಳಿಕ ದೇಶದ 13 ಆಸ್ಪತ್ರೆಗಳು ಸೇರಿ ಇಂಥ 43 ರೋಗಿಗಳ ವಿವರ ಕೊಟ್ಟವು. ಆಯುಷ್ ಸಚಿವಾಲಯ ಮುಂಬೈ ವೈದ್ಯರ ವರದಿ ದಾರಿತಪ್ಪಿಸುವಂಥದ್ದು ಎಂದಿತು. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಬೆರೆತಿರಬಹುದು ಎಂದು ವಾದಿಸಿತು. ಆ ಇನ್ನೊಂದರ ಕಾಂಡದ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ, ಕತ್ತರಿಸಿದರೆ ಹಾಲಿನಂಥ ರಸ ಬರುತ್ತದೆ. ನಿಜವಾದ ಅಮೃತಬಳ್ಳಿಯಲ್ಲಿ ಇವೆರಡೂ ಇಲ್ಲ ಎಂದು ವ್ಯತ್ಯಾಸವನ್ನೂ ವಿವರಿಸಿತು.

ಸರಿ, ಸಚಿವಾಲಯದ ಮಾತನ್ನೇ ನಂಬೋಣ. ಹಾಗಾದರೆ ಡಬ್ಬಿಯಲ್ಲಿ ಪುಡಿಯಾಗಿ ಬಂದ ಮೇಲೆ ಗಂಟು ಎಲ್ಲಿ, ಹಾಲು ಎಲ್ಲಿ? ಕೊಳ್ಳುವವರು ಗುರುತಿಸುವುದು ಹೇಗೆ? ತಪ್ಪು ಬಳ್ಳಿ ಬೆರೆತಿದ್ದರೆ ಅದು ಕಾರ್ಖಾನೆಯ ಬಾಗಿಲಲ್ಲೇ ಸಿಕ್ಕಿಬೀಳಬೇಕಿತ್ತು. ಸಿಕ್ಕಿಬೀಳಲಿಲ್ಲ ಎಂದರೆ ನೋಡುವವರು ಇರಲಿಲ್ಲ ಎಂದರ್ಥ. ಸಚಿವಾಲಯ ಕೊಟ್ಟ ಸಮರ್ಥನೆಯೇ ಅದರ ಮೇಲಿನ ಅತಿ ದೊಡ್ಡ ಆರೋಪ.

ಪುರಾವೆ ಕೇಳಿದರೆ ಪಾಶ್ಚಾತ್ಯರ ಗುಲಾಮ ಎನ್ನುತ್ತಾರೆ. ಏಷ್ಯಾದ ಪರಂಪರೆಯಿಂದ ಬಂದ, ಕೋಟ್ಯಂತರ ಜನರಿಗೆ ನೆರವಾದ ಮದ್ದು ಹೇಗೆ ಹುಟ್ಟಿತೆಂದು ಅವರು ತಿಳಿಯಬೇಕು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಮಲೇರಿಯಾಕ್ಕೆ ಬಲಿಯಾಗುತ್ತಿದ್ದಾಗ ಚೀನಾ 1967ರಲ್ಲಿ ಗುಟ್ಟಾಗಿ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ಅದರಲ್ಲಿ ತೊಡಗಿದ ತು ಯೂಯೂ ಎಂಬ ವಿಜ್ಞಾನಿ ಹಳೆಯ 2,000ಕ್ಕೂ ಹೆಚ್ಚು ಮದ್ದುಗಳ ವಿವರ ಕಲೆಹಾಕಿದರು. ಅವುಗಳಲ್ಲಿ ಆಯ್ದವನ್ನು ಇಲಿಗಳ ಮೇಲೆ ಪರೀಕ್ಷಿಸಿ ಕೆಲಸ ಮಾಡದವುಗಳನ್ನು ಬಿಡುತ್ತಾ ಹೋದರು. ಒಂದು ಸೊಪ್ಪು ಒಮ್ಮೆ ಫಲ ಕೊಡುತ್ತಿತ್ತು, ಇನ್ನೊಮ್ಮೆ ಇಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದದ್ದನ್ನು ಮತ್ತೆ ಓದಿದಾಗ, ಅಲ್ಲಿ ಸೊಪ್ಪನ್ನು ಕುದಿಸುವ ಮಾತೇ ಇಲ್ಲ, ನೀರಿನಲ್ಲಿ ನೆನೆಸಿ ಹಿಂಡುವುದಷ್ಟೇ ಇದೆ ಎಂಬುದು ಅವರಿಗೆ ಹೊಳೆಯಿತು. ಕಾವಿಗೆ ಮದ್ದಿನ ಗುಣ ಕೆಡುತ್ತಿದೆ ಎಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳಲ್ಲಿ ಮಲೇರಿಯಾ ರೋಗಾಣುಗಳನ್ನು ಪೂರ್ತಿ ಕೊಂದಿತು. ರೋಗಿಗಳಿಗೆ ಕೊಡುವ ಮೊದಲು ತಾವೂ ಸಹೋದ್ಯೋಗಿಗಳೂ ಅದನ್ನು ಸೇವಿಸಿ ನೋಡಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಮಂಗಳೂರಿನಲ್ಲಿ ಫಾಲ್ಸಿಪಾರಂ ಮಲೇರಿಯಾ ಬಂದವರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಆ ಸೊಪ್ಪಿನಿಂದ ಬಂದ ಮದ್ದನ್ನೇ.

ಗೆ ಹಾಂಗ್‌ಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ನಮ್ಮ ಸರ್ಪಗಂಧಿಯದೂ ಇದೇ ಹಾದಿ. ಬಂಗಾಳದ ವೈದ್ಯರು 1931ರಲ್ಲೇ ಅದರ ಗುಣ ಬರೆದಿಟ್ಟರು. ಮುಂಬೈನ ರುಸ್ತಂ ಜಾಲ್ ವಕೀಲ್ ರೋಗಿಗಳ ಮೇಲಿನ ಪರಿಣಾಮವನ್ನು ಲೆಕ್ಕಹಾಕಿ 1949ರಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಅದನ್ನು ರಕ್ತದೊತ್ತಡದ ಮದ್ದೆಂದು ಒಪ್ಪಿತು. ಅದರ ಅಡ್ಡಪರಿಣಾಮಗಳು ಗೊತ್ತಾದದ್ದೂ ಪರೀಕ್ಷೆಯಿಂದಲೇ.

ಇದಕ್ಕೆ ತದ್ವಿರುದ್ಧ ಚಿತ್ರ ಕೋವಿಡ್ ಕಾಲದಲ್ಲಿ ಕಂಡಿತು. ಶ್ರೀಲಂಕಾದ ಕೇಗಾಲೆಯಲ್ಲಿ ಒಬ್ಬರು ಕೋವಿಡ್ ಮದ್ದೆಂದು ತಯಾರಿಸಿದ ಪಾನಕಕ್ಕಾಗಿ 2020ರ ಡಿಸೆಂಬರ್‌ನಲ್ಲಿ ಸಾವಿರಾರು ಜನ ಮುಗಿಬಿದ್ದರು. ಅಲ್ಲಿನ ಆಗಿನ ಆರೋಗ್ಯ ಸಚಿವೆ ಪವಿತ್ರಾ ವನ್ನಿಆರಚ್ಚಿ ಎಲ್ಲರೆದುರೇ ಅದನ್ನು ಕುಡಿದರು. ಮುಂದಿನ ತಿಂಗಳು ಅವರಿಗೇ ಕೋವಿಡ್ ತಗಲಿತು. 2021ರ ಫೆಬ್ರುವರಿಯಲ್ಲಿ ನಮ್ಮ ಆಗಿನ ಆರೋಗ್ಯ ಸಚಿವ ಹರ್ಷವರ್ಧನ್ ಪತಂಜಲಿಯ ಕೊರೊನಿಲ್ ಮಾತ್ರೆಯ ಸಮಾರಂಭದ ವೇದಿಕೆಯಲ್ಲಿ ಕುಳಿತಿದ್ದರು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ ಎಂಬ ಮಾತು ಹರಡಿತು. ಯಾವುದೇ ಸಾಂಪ್ರದಾಯಿಕ ಔಷಧಿಯನ್ನು ಕೋವಿಡ್‌ಗೆ ತಾನು ಪರಿಶೀಲಿಸಿಲ್ಲ, ಪ್ರಮಾಣೀಕರಿಸಿಯೂ ಇಲ್ಲ ಎಂದು ಸಂಸ್ಥೆಯೇ ಹೇಳಬೇಕಾಯಿತು. ಸಚಿವರೇ ಮದ್ದಿನ ಪಕ್ಕ ನಿಂತರೆ ಅದನ್ನು ತಡೆಯುವ ಧೈರ್ಯ ಯಾವ ಅಧಿಕಾರಿಗೆ ಬಂದೀತು?

ಅಲೋಪತಿಯವರೇನು ಸತ್ಯಹರಿಶ್ಚಂದ್ರರೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. 2022ರಲ್ಲಿ ನಮ್ಮ ದೇಶದ ಕೆಮ್ಮಿನ ಸಿರಪ್ ಗ್ಯಾಂಬಿಯಾದ ಮಕ್ಕಳ ಸಾವಿಗೆ ಕಾರಣವೆಂಬ ಆರೋಪ ಬಂತು, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಮಕ್ಕಳೂ ಸತ್ತರು. ಆಗ ನಾವೆಲ್ಲ ಕಠಿಣ ಪರೀಕ್ಷೆ ಬೇಕೆಂದು ಕೂಗಿದೆವು. ಅದರಿಂದ ಅಲೋಪತಿಗೆ ಅವಮಾನವಾಯಿತೆಂದು ಯಾರೂ ಅಳಲಿಲ್ಲ. ಖಾಸಗಿ ಆಸ್ಪತ್ರೆಗಳ ಬಿಲ್ಲಿಗೆ ಹೆದರಿ ಜನ ಪುಡಿ, ಕಷಾಯಗಳತ್ತ ಓಡುತ್ತಾರೆಂಬುದೂ ನಿಜ. ಅಲೋಪತಿ ವೈದ್ಯರ ಸಂಘಕ್ಕೆ ತನ್ನ ಕಸುಬಿನ ಗಡಿ ಕಾಯುವ ಆಸೆ ಇದೆ ಎಂಬುದೂ ಸುಳ್ಳಲ್ಲ. ಆದರೆ ಬಡವರಿಗೆ ಆಸ್ಪತ್ರೆ ಕೈಗೆಟುಕದಿದ್ದರೆ ಆಸ್ಪತ್ರೆಯನ್ನು ಎಟುಕುವಂತೆ ಮಾಡಬೇಕು. ಪೇಟೆಯ ಉಳ್ಳವರಿಗೆ ತಜ್ಞ ವೈದ್ಯರು, ಹಳ್ಳಿಯ ಇಲ್ಲದವರಿಗೆ ಪರೀಕ್ಷಿಸದ ಮದ್ದು ಎಂಬ ವ್ಯವಸ್ಥೆಗೆ ಪರಂಪರೆಯ ಹೆಸರಿಡುವುದು ಅನ್ಯಾಯ.

ಪ್ರಶ್ನಿಸುವವರ ಬಾಯಿ ಕಟ್ಟುವುದೂ ನಡೆದಿದೆ. 2018ರಲ್ಲಿ ಚೀನಾದ ವೈದ್ಯರೊಬ್ಬರು ಒಂದು ಔಷಧೀಯ ಮದ್ಯವನ್ನು ವಿಷವೆಂದು ಬರೆದದ್ದಕ್ಕೆ ಮೂರು ತಿಂಗಳು ಸೆರೆಯಲ್ಲಿದ್ದರು. 2023ರಲ್ಲಿ ಬೆಂಗಳೂರಿನ ಗಿಡಮೂಲಿಕೆ ಉತ್ಪನ್ನಗಳ ಕಂಪನಿಯೊಂದು ಹೂಡಿದ ದಾವೆಯಲ್ಲಿ ಇಲ್ಲಿನ ಸಿವಿಲ್ ನ್ಯಾಯಾಲಯ, ಕೇರಳದ ಯಕೃತ್ ತಜ್ಞರೊಬ್ಬರ ಎಕ್ಸ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಮರುತಿಂಗಳು ಹೈಕೋರ್ಟ್ ಅದನ್ನು ತೆರೆಸಿತು, ಕಂಪನಿಯ ಕುರಿತ ಪೋಸ್ಟ್‌ಗಳನ್ನು ಮರೆಮಾಡಬೇಕೆಂಬ ಷರತ್ತಿನ ಮೇಲೆ.

ಇದೆಲ್ಲದರಿಂದ ಹೆಚ್ಚು ಕಳೆದುಕೊಳ್ಳುವವರು ಪ್ರಾಮಾಣಿಕ ಆಯುರ್ವೇದ ವೈದ್ಯರು. ಮೈಸೂರಿನಲ್ಲಿ ಆಯುರ್ವೇದ ಶಿಕ್ಷಣ ಶುರುವಾದದ್ದು 1908ರಲ್ಲಿ. ಆ ಶಿಕ್ಷಣವನ್ನು ಐದೂವರೆ ವರ್ಷ ಪಡೆದು, ನಾಡಿ ಹಿಡಿದು, ತನಗೆ ಆಗದ್ದನ್ನು ಆಗದೆಂದು ಹೇಳಿ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ವೈದ್ಯರ ಹೆಸರನ್ನು ಟಿ.ವಿ.ಯ ಒಂದು ಸುಳ್ಳು ಜಾಹೀರಾತು ಕೆಡಿಸುತ್ತದೆ. 170ನೇ ನಿಯಮಕ್ಕಾಗಿ ಮೊದಲು ದನಿ ಎತ್ತಬೇಕಾದವರು ಅವರೇ.

ಕೇಂದ್ರ ಆ ನಿಯಮವನ್ನು ಮರಳಿ ತರಲೇಬೇಕು. ಅಲ್ಲಿಯವರೆಗೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. 1954ರ ಕಾಯ್ದೆಯಡಿ ಬರುವ ದೂರುಗಳಿಗೆ ವ್ಯವಸ್ಥೆ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿದೆ. ಕರ್ನಾಟಕದ ಔಷಧ ನಿಯಂತ್ರಕರು ಮತ್ತು ಆಯುಷ್ ಇಲಾಖೆ ದೂರು ಕೊಡುವ ಫೋನ್ ಸಂಖ್ಯೆಯನ್ನು ಕನ್ನಡದಲ್ಲಿ ಪ್ರತಿ ಔಷಧಿ ಅಂಗಡಿಯಲ್ಲೂ ಅಂಟಿಸಲಿ, ಬಂದ ದೂರು ಏನಾಯಿತೆಂದು ತಿಂಗಳಿಗೊಮ್ಮೆ ಪ್ರಕಟಿಸಲಿ. ಓದುಗರಲ್ಲಿ ನನ್ನ ವಿನಂತಿ ಒಂದೇ. ಇನ್ಸುಲಿನ್ ಬಿಡಿ, ಕೀಮೋ ಬಿಡಿ ಎನ್ನುವ ಜಾಹೀರಾತು ಕಂಡರೆ ಅದರ ಫೋಟೊ ತೆಗೆದು, ದಿನಾಂಕ ಬರೆದು, ದೂರು ಕೊಡಿ.