ಕವಿಗಳು ನೆನಪಿಟ್ಟ ಶಾಸ್ತ್ರ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂದೊಡನೆ ಸಂಗೀತ ಬಲ್ಲವರ ಕಿವಿ ನಿಮಿರುತ್ತದೆ. ಕಾವೇರಿ ದಡದ ಈ ಪುಟ್ಟ ಊರು ನಾಡಿಗೆ ಕೊಟ್ಟ ಸಂಗೀತಗಾರರು ಒಬ್ಬಿಬ್ಬರಲ್ಲ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ ಅವರ ಊರು ಇದೇ. ‘ರುದ್ರಪಟ್ಟಣ ಸಹೋದರರು’ ಎಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಊರೂ ಇದೇ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತೆಗಳ ಮಂದಿರವೂ ಇಲ್ಲಿದೆ. ಆದರೆ ಸಂಗೀತದ ಗೊಡವೆಯಿಲ್ಲದೆ ಈ ಊರಿನ ಹೆಸರನ್ನು ಹೊರದೇಶಗಳ ವಿದ್ವಾಂಸರವರೆಗೆ ಮುಟ್ಟಿಸಿದವರು ಇನ್ನೊಬ್ಬರಿದ್ದಾರೆ.

ಅವರು ಆರ್. ಶಾಮಶಾಸ್ತ್ರಿಗಳು. ಹೆಸರಿನ ಹಿಂದಿರುವ ‘ಆರ್.’ ಎಂದರೆ ರುದ್ರಪಟ್ಟಣ. 1868ರಲ್ಲಿ ಹುಟ್ಟಿದ ಅವರು ಮೈಸೂರಿಗೆ ಹೋಗಿ ಸಂಸ್ಕೃತ ಓದಿದರು. ಜೊತೆಗೆ ಇಂಗ್ಲಿಷ್ ಕಲಿತು ಬಿ.ಎ. ಪದವಿಯನ್ನೂ ಪಡೆದರು. ಮುಂದೆ ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾದರು. 1891ರಲ್ಲಿ ಆರಂಭವಾದ ಈ ಭಂಡಾರಕ್ಕೆ ದಕ್ಷಿಣದ ನಾನಾ ಊರುಗಳಿಂದ ಓಲೆಗರಿಯ ಕಟ್ಟುಗಳು ಬರುತ್ತಿದ್ದವು. ಕಟ್ಟು ಬಿಚ್ಚಬೇಕು, ಧೂಳು ಒರೆಸಬೇಕು, ಯಾವ ಲಿಪಿ, ಯಾವ ಗ್ರಂಥ ಎಂದು ಗುರುತಿಸಿ ಪಟ್ಟಿಗೆ ಸೇರಿಸಬೇಕು. ಹೊರಗಿನವರ ಕಣ್ಣಿಗೆ ಇದು ಗುಮಾಸ್ತೆಯ ಕೆಲಸ.

ಒಮ್ಮೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ ಇದು. ಭಟ್ಟಸ್ವಾಮಿ ಎಂಬಾತನ ವ್ಯಾಖ್ಯಾನದ ಒಂದಿಷ್ಟು ಭಾಗವೂ ಅದರ ಜೊತೆಗಿತ್ತು. ಶಾಸ್ತ್ರಿಗಳು ಅದನ್ನು ಪಟ್ಟಿಗೆ ಸೇರಿಸಿ ಸುಮ್ಮನಾಗಲಿಲ್ಲ, ಕೂತು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳಿಂದ ವಿದ್ವಾಂಸರು ಕಳೆದುಹೋಯಿತೆಂದೇ ತಿಳಿದಿದ್ದ ಗ್ರಂಥ. ಇದು ನಡೆದದ್ದು 1905ರಲ್ಲಿ. ಅಲ್ಲಿಂದಾಚೆಗೆ ಅವರು ಅದರ ಇಂಗ್ಲಿಷ್ ಅನುವಾದವನ್ನು ಭಾಗ ಭಾಗವಾಗಿ ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಬಂದರು. 1909ರಲ್ಲಿ ಮೂಲಪಾಠ ಅಚ್ಚಾಯಿತು. 1915ರಲ್ಲಿ ಪೂರ್ಣ ಅನುವಾದ ಪುಸ್ತಕವಾಗಿ ಹೊರಬಂತು.

ಪುಸ್ತಕವಿಲ್ಲದ ಹೆಸರು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾರೂ ಕಾಣದ ಪುಸ್ತಕವನ್ನು ಇದೇ ಅದು ಎಂದು ಗುರುತಿಸುವುದು ಹೇಗೆ?

ಗುರುತಿನ ಸುಳಿವುಗಳು ಉಳಿದಿದ್ದದ್ದು ಕಾವ್ಯ, ನಾಟಕ, ಕತೆಗಳಲ್ಲಿ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕಕ್ಕೆ ಚಾಣಕ್ಯನೇ ಸೂತ್ರಧಾರನಂಥ ಪಾತ್ರ. ಪಂಚತಂತ್ರ ಆರಂಭವಾಗುವಾಗಲೇ ನೀತಿಶಾಸ್ತ್ರಕಾರರ ಸಾಲಿನಲ್ಲಿ ಚಾಣಕ್ಯನಿಗೂ ನಮಸ್ಕಾರ ಸಲ್ಲುತ್ತದೆ. ಬಾಣನ ‘ಕಾದಂಬರಿ’ಯಲ್ಲಿ ಮಂತ್ರಿ ಶುಕನಾಸ ರಾಜಕುಮಾರನಿಗೆ ಬುದ್ಧಿ ಹೇಳುವಾಗ, ಕೌಟಿಲ್ಯನ ಶಾಸ್ತ್ರ ಕ್ರೂರವಾದದ್ದೆಂದು ಹಳಿಯುತ್ತಾನೆ. ದಂಡಿಯ ‘ದಶಕುಮಾರಚರಿತ’ದಲ್ಲಂತೂ ಒಂದು ಪಾತ್ರ ಈ ಶಾಸ್ತ್ರ ಓದುವವರನ್ನೇ ಗೇಲಿ ಮಾಡುತ್ತದೆ. ಗೇಲಿ ಮಾಡುವ ಭರದಲ್ಲಿ, ವಿಷ್ಣುಗುಪ್ತನು ಮೌರ್ಯನಿಗಾಗಿ ಆರು ಸಾವಿರ ಶ್ಲೋಕಗಳ ಅಳತೆಯಲ್ಲಿ ಇದನ್ನು ಸಂಗ್ರಹಿಸಿದನೆಂಬ ಲೆಕ್ಕವನ್ನೂ ಹೇಳಿಬಿಡುತ್ತದೆ.

ಮೈಸೂರಿನ ಓಲೆಗರಿಯ ಮೊದಲ ಅಧ್ಯಾಯದಲ್ಲಿ ಗ್ರಂಥ ತನ್ನ ಅಳತೆಯನ್ನು ತಾನೇ ಹೇಳಿಕೊಳ್ಳುತ್ತದೆ: 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ, 6,000 ಶ್ಲೋಕ. ಕವಿ ತಮಾಷೆಗೆ ಹೇಳಿದ ಲೆಕ್ಕವೂ ಶಾಸ್ತ್ರಕಾರ ಗಂಭೀರವಾಗಿ ಕೊಟ್ಟ ಲೆಕ್ಕವೂ ತಾಳೆಯಾದವು. ಕಾವ್ಯ, ನಾಟಕ ಓದಿರದವರ ಕೈಗೆ ಆ ಕಟ್ಟು ಸಿಕ್ಕಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಕಟ್ಟಾಗಿ ಕಪಾಟು ಸೇರುತ್ತಿತ್ತು.

ಅರಮನೆಯ ವೈದ್ಯ, ಊರಿನ ವೈದ್ಯ

ಅರ್ಥಶಾಸ್ತ್ರವೆಂದರೆ ಬರೀ ರಾಜತಂತ್ರ, ಗೂಢಚಾರಿಕೆ ಎಂಬ ಭಾವನೆ ಸಾಮಾನ್ಯ. ಆದರೆ ಒಂದು ಸಾಮ್ರಾಜ್ಯ ನಡೆಯಬೇಕಾದರೆ ಜನ ಆರೋಗ್ಯವಾಗಿರಬೇಕು ಎಂಬುದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಕೋಟೆಯೊಳಗೆ ಎಣ್ಣೆ, ಧಾನ್ಯ, ಉಪ್ಪಿನ ಜೊತೆ ಔಷಧಗಳನ್ನೂ ಹಲವು ವರ್ಷಕ್ಕಾಗುವಷ್ಟು ಕೂಡಿಡಬೇಕು, ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕು ಎನ್ನುತ್ತದೆ ಗ್ರಂಥ. ಅವಧಿ ಮೀರಿದ ಔಷಧದ ಬಗ್ಗೆ ಆಗಲೇ ಇದ್ದ ಎಚ್ಚರಿಕೆ ಇದು! ಯುದ್ಧಭೂಮಿಯಲ್ಲಿ ಸೈನ್ಯದ ಹಿಂದೆ ಶಸ್ತ್ರಚಿಕಿತ್ಸೆಯ ಉಪಕರಣ, ಮದ್ದು, ಎಣ್ಣೆ, ಕಟ್ಟುವ ಬಟ್ಟೆ ಹಿಡಿದ ವೈದ್ಯರು ನಿಂತಿರಬೇಕು. ಅನ್ನಪಾನ ಹೊತ್ತ ಹೆಂಗಸರು ಅವರೊಂದಿಗಿರಬೇಕು. ರಾಜನಿಗೆ ಕೊಡುವ ಮದ್ದನ್ನು ವೈದ್ಯ ಮೊದಲು ತಾನು ರುಚಿ ನೋಡಬೇಕು.

ಊರಿನ ವೈದ್ಯರಿಗೂ ಕಟ್ಟುಪಾಡುಗಳಿದ್ದವು. ಪ್ರಾಣಾಪಾಯದ ಕಾಯಿಲೆಯನ್ನು ಅಧಿಕಾರಿಗಳಿಗೆ ತಿಳಿಸದೆ ಚಿಕಿತ್ಸೆಗೆ ಕೈಹಾಕಿ ರೋಗಿ ಸತ್ತರೆ ವೈದ್ಯನಿಗೆ ದಂಡ. ತಪ್ಪು ಚಿಕಿತ್ಸೆಯಿಂದಲೇ ಸತ್ತರೆ ಇನ್ನೂ ಹೆಚ್ಚಿನ ದಂಡ. ದೇಶಕ್ಕೆ ಬರುವ ಮಹಾಭಯಗಳು ಎಂಟು ಎಂದು ಪಟ್ಟಿ ಮಾಡಿ, ಬೆಂಕಿ, ನೆರೆ, ಬರಗಾಲಗಳ ಜೊತೆ ರೋಗವನ್ನೂ ಇಲಿಗಳನ್ನೂ ಅದರಲ್ಲಿ ಸೇರಿಸಲಾಗಿದೆ. ಇಲಿ ಹೆಚ್ಚಿದರೆ ಬೆಕ್ಕು, ಮುಂಗುಸಿಗಳನ್ನು ಬಿಡಿ ಎಂಬುದು ಸಲಹೆ. ಬರ ಬಂದರೆ ಬೀಜ, ಅನ್ನ ಹಂಚಬೇಕು, ಕೋಟೆ ಮತ್ತು ನೀರಾವರಿಯ ಕೆಲಸ ಕೊಟ್ಟು ಜನರನ್ನು ಉಳಿಸಿಕೊಳ್ಳಬೇಕು. ಬರಗಾಲದ ಕಾಮಗಾರಿ ಕಂಡವರಿಗೆ ಇದು ಹೊಸತಲ್ಲ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಹಠಾತ್ತಾಗಿ ಸತ್ತವರ ಶವಪರೀಕ್ಷೆಯ ಅಧ್ಯಾಯ. ಶವಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು. ಕುತ್ತಿಗೆಯ ಮೇಲಿನ ಗುರುತು, ತೆರೆದ ಕಣ್ಣು, ಬಾತ ಕೈಕಾಲುಗಳಿಂದ ಕತ್ತು ಹಿಸುಕಿದ್ದನ್ನು ತಿಳಿಯಬೇಕು. ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಇದ್ದರೆ ವಿಷದ ಶಂಕೆ. ಆಗ ಸತ್ತವನು ಉಂಡು ಉಳಿಸಿದ ಆಹಾರವನ್ನು ಹಕ್ಕಿಗಳಿಗೆ ಹಾಕಿ ನೋಡಬೇಕು. ಹೃದಯದ ತುಂಡು ಬೆಂಕಿಯಲ್ಲಿ ಚಿಟಿಚಿಟಿ ಸಿಡಿದರೆ, ಕಾಮನಬಿಲ್ಲಿನ ಬಣ್ಣ ತೋರಿದರೆ ವಿಷವೆನ್ನಬಹುದೆಂದೂ ಹೇಳಿದೆ. ಇಂದಿನ ಪ್ರಯೋಗಾಲಯದಲ್ಲಿ ಇದು ಪುರಾವೆಯಾಗಲಾರದು. ಆದರೆ ಸಾವಿನ ಕಾರಣವನ್ನು ಕಣ್ಣಿಟ್ಟು ಹುಡುಕಬೇಕು ಎಂಬ ಪಟ್ಟು ಮೆಚ್ಚತಕ್ಕದ್ದು.

ಇಂಥದೇ ಪಟ್ಟು ಚೀನಾದಲ್ಲೂ ಕಾಣುತ್ತದೆ. ಸುಂಗ್ ತ್ಸು ಎಂಬ ನ್ಯಾಯಾಧಿಕಾರಿ 1247ರಲ್ಲಿ ಶವಪರೀಕ್ಷೆಗೆಂದೇ ಒಂದು ಕೈಪಿಡಿ ಬರೆದ. ಅದರಲ್ಲಿ ಬರುವ ಒಂದು ಪ್ರಕರಣ ಹೀಗಿದೆ: ದಾರಿಯಲ್ಲಿ ಒಬ್ಬನ ಕೊಲೆಯಾಗಿದೆ, ಗಾಯ ಕುಡುಗೋಲಿನದು. ಅಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ಸಾಲಾಗಿ ಇಡಿಸಿದ. ನೊಣಗಳು ಒಂದೇ ಒಂದು ಕುಡುಗೋಲಿಗೆ ಮುತ್ತಿದವು. ಒರೆಸಿದರೂ ರಕ್ತದ ವಾಸನೆ ಹೋಗಿರಲಿಲ್ಲ. ಕೊಲೆಗಾರ ಸಿಕ್ಕಿಬಿದ್ದ.

ಒಂದು ರೇಷ್ಮೆಯ ಎಳೆ

ಚೀನಾದ ಹೆಸರು ಅರ್ಥಶಾಸ್ತ್ರದೊಳಗೇ ಬರುತ್ತದೆ ಎಂಬುದು ಇನ್ನೊಂದು ಸ್ವಾರಸ್ಯ. ಬೊಕ್ಕಸಕ್ಕೆ ಸೇರುವ ಬೆಲೆಬಾಳುವ ವಸ್ತುಗಳನ್ನು ವಿವರಿಸುವಾಗ ಚೀನಭೂಮಿಯಲ್ಲಿ ಹುಟ್ಟಿದ ‘ಚೀನಪಟ್ಟ’, ಅಂದರೆ ಚೀನಾ ರೇಷ್ಮೆಯ ಮಾತಿದೆ. ಕನ್ನಡದ ‘ಪಟ್ಟೆಸೀರೆ’ಯಲ್ಲಿ ಇರುವುದೂ ಇದೇ ‘ಪಟ್ಟ’. ಕಾಳಿದಾಸನ ‘ಶಾಕುಂತಲ’ದಲ್ಲಿ ದುಷ್ಯಂತನ ಮನಸ್ಸು ಹಿಂದಕ್ಕೆ ಎಳೆಯುವುದಕ್ಕೆ ಗಾಳಿಗೆದುರಾಗಿ ಒಯ್ಯುವ ಬಾವುಟದ ಚೀನಾ ರೇಷ್ಮೆಯೇ ಹೋಲಿಕೆ.

ಈ ಒಂದು ಪದ ವಿದ್ವಾಂಸರ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು. ಚಂದ್ರಗುಪ್ತ ಮೌರ್ಯ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 321ರ ಸುಮಾರಿಗೆ. ‘ಚೀನಾ’ ಎಂಬ ಹೆಸರು ಬಂದದ್ದು ‘ಚಿನ್’ ಎಂಬ ರಾಜ್ಯದಿಂದ ಎಂದು ಹಲವರ ಮತ. ಆ ರಾಜ್ಯದ ದೊರೆ ಇಡೀ ದೇಶವನ್ನು ಒಂದುಗೂಡಿಸಿ ಮೊದಲ ಚಕ್ರವರ್ತಿಯಾದದ್ದು ಕ್ರಿ.ಪೂ. 221ರಲ್ಲಿ. ಹಾಗಾದರೆ ಗ್ರಂಥ ಚಂದ್ರಗುಪ್ತನ ಕಾಲದ್ದೇ, ಆಮೇಲಿನದೇ? ಚಿನ್ ರಾಜ್ಯ ಅದಕ್ಕೂ ಮೊದಲೇ ಇತ್ತಲ್ಲ ಎಂದು ಕೆಲವರು ಉತ್ತರಿಸಿದರು. 1971ರಲ್ಲಿ ಥಾಮಸ್ ಟ್ರಾಟ್‌ಮನ್ ಎಂಬ ವಿದ್ವಾಂಸರು ಪದಬಳಕೆಯನ್ನು ಲೆಕ್ಕಹಾಕಿ, ಇದು ಒಬ್ಬನೇ ಬರೆದ ಗ್ರಂಥವಲ್ಲ ಎಂದರು. 2013ರಲ್ಲಿ ಹೊಸ ಇಂಗ್ಲಿಷ್ ಅನುವಾದ ಪ್ರಕಟಿಸಿದ ಪ್ಯಾಟ್ರಿಕ್ ಒಲಿವೆಲ್ ಅವರು ಗ್ರಂಥ ಈಗಿನ ರೂಪ ಪಡೆದದ್ದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಎನ್ನುತ್ತಾರೆ. ವಾದ ಇನ್ನೂ ಮುಗಿದಿಲ್ಲ. ರಾಜತಂತ್ರದ ಗ್ರಂಥವೊಂದರ ವಯಸ್ಸು ತಿಳಿಯಲು ಜವಳಿಯ ಚರಿತ್ರೆ, ಚೀನಾದ ಚರಿತ್ರೆ, ಲೆಕ್ಕ, ವ್ಯಾಕರಣ ಎಲ್ಲವೂ ಬೇಕಾದವು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸುಡಲೆಂದ ಪದ್ಯ, ಉಳಿಸೆಂದ ಮದ್ದು

ಅದೇ ಚಿನ್ ಚಕ್ರವರ್ತಿಯ ಆಸ್ಥಾನದಲ್ಲಿ ಕ್ರಿ.ಪೂ. 213ರಲ್ಲಿ ಒಂದು ಆಜ್ಞೆ ಹೊರಟಿತು. ಹಳೆಯ ಕಾಲವನ್ನು ಹೊಗಳಿ ಈಗಿನ ಆಡಳಿತವನ್ನು ಟೀಕಿಸುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಜನರ ಬಳಿಯಿರುವ ಪ್ರಾಚೀನ ಕಾವ್ಯಸಂಗ್ರಹವನ್ನೂ ಚರಿತ್ರೆಯ ಗ್ರಂಥಗಳನ್ನೂ ಒಪ್ಪಿಸಬೇಕು, ಅವನ್ನು ಸುಡಬೇಕು ಎಂದು. ಮೂರು ಬಗೆಯ ಪುಸ್ತಕಗಳಿಗೆ ಮಾತ್ರ ವಿನಾಯಿತಿ: ವೈದ್ಯ, ಶಕುನ, ಬೇಸಾಯ. ಸುಮಾರು ನೂರು ವರ್ಷಗಳ ತರುವಾಯ ಚರಿತ್ರಕಾರ ಸಿಮಾ ಚಿಯೆನ್ ಇದನ್ನು ಬರೆದಿಟ್ಟ. ಎಷ್ಟು ಪುಸ್ತಕಗಳು ನಿಜಕ್ಕೂ ಸುಟ್ಟವು ಎಂಬ ಬಗ್ಗೆ ಇಂದಿನ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಆಜ್ಞೆಯ ಹಿಂದಿನ ಎಣಿಕೆ ಸ್ಪಷ್ಟ. ಉಪಯೋಗಕ್ಕೆ ಬರುವುದು ಇರಲಿ, ಬಾರದ್ದು ಹೋಗಲಿ.

ಆದದ್ದೇನು? ಚಕ್ರವರ್ತಿಯ ವಂಶ ಆಜ್ಞೆಯಾದ ಕೆಲವೇ ವರ್ಷಗಳಲ್ಲಿ, ಕ್ರಿ.ಪೂ. 206ರ ಹೊತ್ತಿಗೆ ಅಳಿಯಿತು. ಕಾವ್ಯಸಂಗ್ರಹ ಮಾತ್ರ ಉಳಿಯಿತು. ಅದು ಬಿದಿರುಪಟ್ಟಿ, ರೇಷ್ಮೆಗಳ ಮೇಲಷ್ಟೇ ಇರದೆ ಜನರ ಬಾಯಲ್ಲಿತ್ತು ಎಂಬುದೇ ಅದಕ್ಕೆ ಕಾರಣವೆಂದು ಚೀನಾದ ಹಳೆಯ ಚರಿತ್ರೆಯೇ ಹೇಳುತ್ತದೆ. ವಿನಾಯಿತಿ ಪಡೆದ ವೈದ್ಯ ಗ್ರಂಥಗಳಾದರೂ ಎಲ್ಲ ಉಳಿದವೆ? ಇಲ್ಲ. 1973ರಲ್ಲಿ ಚಾಂಗ್‌ಷಾ ನಗರದ ಮಾವಾಂಗ್‌ಡೂಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿಯನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯ ಗ್ರಂಥಗಳು ಸಿಕ್ಕವು. ಐವತ್ತೆರಡು ಕಾಯಿಲೆಗಳಿಗೆ ಮದ್ದು ಹೇಳುವ ಪುಸ್ತಕ ಅದರಲ್ಲೊಂದು. ಎರಡು ಸಾವಿರ ವರ್ಷ ಅದನ್ನು ಯಾರೂ ಓದಿರಲಿಲ್ಲ.

ನಮ್ಮಲ್ಲಿ ಆದದ್ದೂ ಇಂಥದೇ. ಅರ್ಥಶಾಸ್ತ್ರಕ್ಕಿಂತ ಉಪಯೋಗದ ಪುಸ್ತಕ ಬೇಕೆ? ತೆರಿಗೆ, ಗಣಿ, ಬೇಸಾಯ, ವೈದ್ಯ, ಯುದ್ಧ ಎಲ್ಲ ಅದರಲ್ಲಿದೆ. ಆದರೂ ಅದು ಮರೆಯಾಯಿತು. ಅದರ ಹೆಸರನ್ನು, ಅಳತೆಯನ್ನು ನೆನಪಿಟ್ಟವರು ಕತೆ ಹೇಳುವವರು, ನಾಟಕ ಬರೆಯುವವರು. ಓಲೆಗರಿಗೆ ಈ ಹವೆಯಲ್ಲಿ ಕೆಲವು ನೂರು ವರ್ಷಗಳಷ್ಟೇ ಆಯಸ್ಸು. ಗೆದ್ದಲು, ತೇವ ಕಾದಿರುತ್ತವೆ. ಯಾರೋ ಒಬ್ಬರು ಹಳೆಯ ಗರಿ ಮುರಿಯುವ ಮುಂಚೆ ಹೊಸ ಗರಿಗೆ ಇಳಿಸಿದರು, ಅವರ ನಂತರ ಮತ್ತೊಬ್ಬರು. ಅದರಿಂದ ಅವರಿಗೇನು ಲಾಭ ಬಂತೋ ತಿಳಿಯದು. ಕೊನೆಗೆ ಓದಬಲ್ಲವರೊಬ್ಬರ ಕೈಗೆ ಅದು ಸಿಕ್ಕಿತು.

ಯಾವ ಓದು ಹಿತ?

ಮಗಳು ಅಥವಾ ಮಗ ಹತ್ತನೇ ತರಗತಿ ಮುಗಿಸಿದ ಮನೆಗಳಲ್ಲಿ ಪ್ರತಿವರ್ಷ ಒಂದು ಸಣ್ಣ ಚಿನ್ ಆಸ್ಥಾನ ಕೂಡುತ್ತದೆ. ವಿಜ್ಞಾನ ಇರಲಿ, ಸಿಇಟಿ, ನೀಟ್‌ಗೆ ಬೇಕಾದ್ದು ಇರಲಿ. ಕನ್ನಡ, ಸಂಸ್ಕೃತ, ಚರಿತ್ರೆ ಯಾಕೆ ಬೇಕು ಎಂಬ ತೀರ್ಪು ಹೊರಡುತ್ತದೆ. ತಂದೆತಾಯಿಯರ ಆತಂಕ ಸುಳ್ಳಲ್ಲ. ಹೊಟ್ಟೆಪಾಡು ಯಾರಿಗೂ ತಪ್ಪಿದ್ದಲ್ಲ. ಡಾಕ್ಟರಾಗಬೇಕೆಂಬ ಆಸೆಯೂ ಒಳ್ಳೆಯದೇ. ಆದರೆ ಯಾವ ಓದು ಯಾವಾಗ ಕೆಲಸಕ್ಕೆ ಬರುತ್ತದೆ ಎಂದು ಮೊದಲೇ ಹೇಳಲು ಚಕ್ರವರ್ತಿಯಿಂದಲೂ ಆಗಲಿಲ್ಲ.

ಶಾಮಶಾಸ್ತ್ರಿಗಳಿಗೆ ಗ್ರಂಥ ಲಿಪಿ ಬರದಿದ್ದರೆ ಕಟ್ಟು ಮೂಕವಾಗಿ ಉಳಿಯುತ್ತಿತ್ತು. ಸಂಸ್ಕೃತ ಸಾಹಿತ್ಯದ ಓದಿಲ್ಲದಿದ್ದರೆ ಅದರ ಗುರುತು ಸಿಗುತ್ತಿರಲಿಲ್ಲ. ಇಂಗ್ಲಿಷ್ ಬರದಿದ್ದರೆ ಸುದ್ದಿ ಮೈಸೂರು ದಾಟುತ್ತಿರಲಿಲ್ಲ. ಭಾರತೀಯರಿಗೆ ತತ್ತ್ವಜ್ಞಾನ ಗೊತ್ತು, ರಾಜ್ಯಭಾರ ಗೊತ್ತಿಲ್ಲ ಎಂಬ ಮಾತು ಪರರ ಆಳ್ವಿಕೆಯ ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು. 1909ರ ಆ ಪುಸ್ತಕ ಅದಕ್ಕೆ ಉತ್ತರವಾಯಿತು. ಹಾಗೆಂದು ಅದರಲ್ಲಿರುವುದೆಲ್ಲ ಒಪ್ಪತಕ್ಕದ್ದಲ್ಲ. ಜಾತಿ ನೋಡಿ ವಿಧಿಸುವ ಶಿಕ್ಷೆ, ವಿಷಪ್ರಯೋಗ, ವೇಷ ಮರೆಸಿದ ಬೇಹುಗಾರರು ಅದರಲ್ಲಿದ್ದಾರೆ. ಬಾಣ ಹಳಿದದ್ದು ಸುಮ್ಮನೆ ಅಲ್ಲ. ಹಳೆಯ ಗ್ರಂಥವನ್ನು ತಲೆಯ ಮೇಲೆ ಹೊರುವುದೂ ಬೇಡ, ಕಸದ ಬುಟ್ಟಿಗೆ ಎಸೆಯುವುದೂ ಬೇಡ. ಓದುವುದು ಬೇಕು.

ಶಾಸ್ತ್ರಿಗಳಿಗೆ ಮುಂದೆ ಮಹಾಮಹೋಪಾಧ್ಯಾಯ ಬಿರುದು ಬಂತು. 1944ರಲ್ಲಿ ಅವರು ತೀರಿಕೊಂಡರು. ಆ ಓಲೆಗರಿಯ ಕಟ್ಟು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಅದರ ಸುತ್ತ ಸಾವಿರಾರು ಕಟ್ಟುಗಳಿವೆ. ಹಾಸನ ಸೀಮೆಯ ಹಳೆಯ ಮನೆಗಳ ಅಟ್ಟಗಳಲ್ಲೂ ಅಜ್ಜನ ಕಾಲದ ಗರಿಗಳು, ನಾಟಿ ಮದ್ದಿನ ಕೈಬರಹಗಳು ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತಿರಬಹುದು. ಗೌರಿ ಹಬ್ಬಕ್ಕೆ ಅಟ್ಟ ಗುಡಿಸುವಾಗ ಅಂಥ ಗಂಟು ಸಿಕ್ಕರೆ ಹೊಳೆಗೆ ಬಿಡುವ ಮುನ್ನ, ಒಲೆಗೆ ಹಾಕುವ ಮುನ್ನ, ಓದಬಲ್ಲ ಒಬ್ಬರಿಗೆ ತೋರಿಸಬೇಕು. ಮನೆಯಲ್ಲಿ ಆ ಅಕ್ಷರ ಕಲಿಯಲು ಹಟ ಹಿಡಿದ ಮಗುವೊಂದಿದ್ದರೆ, ಅದನ್ನು ಅದರ ಪಾಡಿಗೆ ಓದಲು ಬಿಡಬೇಕು.