ಒಂದು ಹೊಲದ ಫಸಲು ನೋಡಿ ಬೀಜ ಬದಲಿಸಬಾರದು

ಪಕ್ಕದ ಹೊಲದಲ್ಲಿ ಹೊಸ ರಾಗಿ ಎಕರೆಗೆ ಎರಡು ಕ್ವಿಂಟಾಲ್ ಹೆಚ್ಚು ಬಂತೆಂದು ಕೇಳಿದರೆ ಹೊಸೂರು, ಡೆಂಕಣಿಕೋಟೆ ಸೀಮೆಯ ನಮ್ಮ ರೈತರಿಗೂ ಆಸೆಯಾಗುವುದು ಸಹಜ. ಆದರೆ ಮನೆಯ ಬೀಜ ಒಮ್ಮೆ ಕೈತಪ್ಪಿದರೆ ಮತ್ತೆ ಸಿಕ್ಕುವುದು ಕಷ್ಟ. ಆ ಹೊಲದ ಮಣ್ಣೇ ಮೇಲಾಗಿದ್ದಿರಬಹುದು. ಒಂದು ಹದ ಮಳೆ ಅಲ್ಲಿ ಹೆಚ್ಚು ಬಿದ್ದಿರಬಹುದು.

ಇದು ಬೀಜದ ಗುಣವೋ ಅದೃಷ್ಟವೋ ಎಂದು ತೂಗಿ ನೋಡಲು ಸಂಖ್ಯಾಶಾಸ್ತ್ರದಲ್ಲಿ ದಾರಿಯುಂಟು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಬೇಸಾಯ ಸಂಶೋಧನಾ ಕೇಂದ್ರದಲ್ಲಿದ್ದ ಫಿಷರ್ 1925ರಲ್ಲಿ ಈ ವಿಧಾನಗಳ ಪುಸ್ತಕ ಬರೆದರು. ನಮ್ಮ ದೇಶದ ಕೃಷಿ ಕಾರ್ಯಕರ್ತರಿಗಾಗಿ ಪಾನ್ಸೆ ಮತ್ತು ಸುಖಾತ್ಮೆ ಅವರ ಪುಸ್ತಕ 1954ರಲ್ಲಿ ಬಂತು.

ವಿಧಾನದ ತಿರುಳು ಕಠಿಣವಲ್ಲ. ಹೊಲದಲ್ಲಿ ಆರು ಜೋಡಿ ಸಣ್ಣ ತಾಕುಗಳನ್ನು ಮಾಡಿರಿ. ಪ್ರತಿ ಜೋಡಿಯಲ್ಲಿ ಹೊಸ ಬೀಜ ಯಾವ ತಾಕಿಗೆಂದು ನಾಣ್ಯ ಚಿಮ್ಮಿ ಗೊತ್ತುಮಾಡಿರಿ. ನಮ್ಮ ಇಷ್ಟಕ್ಕೆ ಬಿಟ್ಟರೆ ಒಳ್ಳೆಯ ನೆಲ ಹೊಸದಕ್ಕೇ ಹೋದೀತು. ಗೊಬ್ಬರ, ಕಳೆ, ಕುಯ್ಲು ಎಲ್ಲವೂ ಸಮನಾಗಿರಲಿ. 'ಎರಡು ಬೀಜಗಳೂ ಸಮ' ಎಂದು ಮೊದಲು ಊಹಿಸಿಕೊಳ್ಳಿರಿ. ಸಮವೇ ಆಗಿದ್ದರೆ ಆರು ಜೋಡಿಗಳಲ್ಲೂ ಹೊಸದೇ ಗೆಲ್ಲುವ ಸಂಭವ 64ರಲ್ಲಿ 1 ಮಾತ್ರ. ಹಾಗೆ ಗೆದ್ದರೆ ಆ ಊಹೆಯನ್ನು ಕೈಬಿಡಲು ತಕ್ಕ ಕಾರಣ ಸಿಕ್ಕಿತು. ನಾಲ್ಕು ಜೋಡಿಗಳಲ್ಲಿ ಮಾತ್ರ ಗೆದ್ದರೆ? ನಾಲ್ಕು ಅಥವಾ ಹೆಚ್ಚು ಗೆಲುವು ಬರಿಯ ಅದೃಷ್ಟದಿಂದಲೇ 64ರಲ್ಲಿ 22 ಸಲ ಬರುತ್ತದೆ. ಅದು ಸಾಕ್ಷಿಯಾಗದು, ಹಾಗೆಂದು ಎರಡೂ ಸಮವೆಂದು ಸಿದ್ಧವಾಯಿತೆಂದೂ ತಿಳಿಯಬಾರದು. ಇನ್ನೊಂದು ಮಳೆಗಾಲ ಪರೀಕ್ಷಿಸಬೇಕು.

ಗೆಲುವು ಎಷ್ಟರದೆಂಬುದೂ ಮುಖ್ಯ. 'ಸರಾಸರಿ ಒಂದು ಕ್ವಿಂಟಾಲ್ ಹೆಚ್ಚು' ಎನ್ನುವವರನ್ನು 'ಎಷ್ಟರಿಂದ ಎಷ್ಟರವರೆಗೆ?' ಎಂದು ಕೇಳಿರಿ. ಅರ್ಧದಿಂದ ಒಂದೂವರೆ ಕ್ವಿಂಟಾಲ್ ಹೆಚ್ಚು ಎಂದರೆ ನಂಬಿಕೆಗೆ ಆಧಾರವಿದೆ. ಒಂದು ಕಡಿಮೆಯಿಂದ ಮೂರು ಹೆಚ್ಚಿನವರೆಗೆ ಎಂದರೆ ನಷ್ಟಕ್ಕೂ ಎಡೆಯುಂಟು. ಇಂಥ ಮಿತಿಗಳನ್ನು ಕಟ್ಟುವ ಕ್ರಮವನ್ನು ನೇಯ್ಮನ್ 1937ರಲ್ಲಿ ವಿವರಿಸಿದರು. ನೂರಕ್ಕೆ 95ರ ವಿಶ್ವಾಸವೆಂದರೆ, ಇಂಥ ಪರೀಕ್ಷೆ ನೂರು ಸಲ ನಡೆಸಿ ನೂರು ಸಲವೂ ಮಿತಿ ಕಟ್ಟಿದರೆ, ಸುಮಾರು 95 ಸಲ ನಿಜವಾದ ಅಂತರ ಮಿತಿಯೊಳಗಿರುತ್ತದೆ. ಕೆಳಗಿನ ಮಿತಿಯ ಲಾಭವಾದರೂ ಬೀಜದ ಬೆಲೆಯನ್ನು ತುಂಬೀತೇ ಎಂದು ಲೆಕ್ಕ ಹಾಕಿರಿ.

ಬೀಜ ಮಾರುವವರ ಕರಪತ್ರದಲ್ಲಿ ಸರಾಸರಿ ಒಂದೇ ಇದ್ದರೆ ಸಾಲದು. ಎಷ್ಟು ತಾಕು, ಎಷ್ಟು ವರ್ಷ, ಮಿತಿ ಎಷ್ಟು ಎಂಬುದನ್ನು ನಾವು ಓದಬಲ್ಲ ಕನ್ನಡದಲ್ಲಿಯೂ ಅಚ್ಚುಹಾಕಬೇಕು. ಪೈಯೂರಿನ ಪ್ರಾದೇಶಿಕ ಸಂಶೋಧನಾ ಕೇಂದ್ರ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿಯೇ ಇದೆ. ಅಲ್ಲಿ ಕೇಳಿ ತಿಳಿಯಲು ರೈತ ಬಂಧುಗಳು ಸಂಕೋಚಪಡಬಾರದು.