ಆಕಾಶದ ಅಳತೆಯೂ ಗಡಿಕಲ್ಲೂ



ಕಳೆದ ವರ್ಷ ಶಿಡ್ಲಘಟ್ಟದ ಬಳಿ ಇರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅವರದು ಮೂರು ಎಕರೆ ಹಿಪ್ಪುನೇರಳೆ ತೋಟ. ಊಟವಾದ ಮೇಲೆ ಭಾವನವರು ಮೊಬೈಲಿನಲ್ಲಿ ಭೂಪಟ ತೆಗೆದು ತೋರಿಸಿದರು. ಅವರ ಸರ್ವೆ ನಂಬರಿನ ಗೆರೆ ಬೇಲಿ ದಾಟಿ ಪಕ್ಕದವರ ಹೊಲದೊಳಗೆ ಹತ್ತಡಿ ಹೋಗಿತ್ತು. "ನೋಡಿದಿರಾ, ನಮ್ಮ ನೆಲ ಒತ್ತಿದ್ದಾರೆ. ನಾಳೆಯೇ ಬೇಲಿ ಕೀಳಿಸುತ್ತೇನೆ" ಎಂದರು. "ಭಾವ, ಕಲ್ಲು ನೋಡದೆ ಬೇಲಿಗೆ ಕೈ ಹಾಕಬೇಡಿ" ಎಂದೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟರು. ಭೂಮಾಪಕರು ಟಿಪ್ಪಣಿ ಹಿಡಿದು ಅಳೆದಾಗ ಗಡಿಕಲ್ಲು ಬೇಲಿಯ ಬುಡದಲ್ಲೇ ಸಿಕ್ಕಿತು. ನೆರೆಹೊರೆಯ ಬಾಂಧವ್ಯ ಉಳಿಯಿತು.

ಮೊಬೈಲು ಸುಳ್ಳು ಹೇಳಿತೇ? ಇಲ್ಲ. ಮೈಸೂರು ಸೀಮೆಯಲ್ಲಿ 1863ರಿಂದ ನಡೆದ ಸರ್ವೆಯಲ್ಲಿ 33 ಅಡಿಯ ಸರಪಳಿ ಬಳಸಿದರು. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವೆಂದರೆ ಒಂದು ಗುಂಟೆ; 40 ಗುಂಟೆಗೆ ಎಕರೆ. ಟಿಪ್ಪಣಿಯಲ್ಲಿ ಇರುವುದು ಈ ಅಳತೆಯ ಅಂಕಿ. ಗ್ರಾಮ ನಕ್ಷೆಯಲ್ಲಿ ಇರುವುದು ಗೆರೆ ಮಾತ್ರ. ಹಳೆಯ ಗ್ರಾಮ ನಕ್ಷೆಗಳ ಸಾಮಾನ್ಯ ಪ್ರಮಾಣ ಮೈಲಿಗೆ 8 ಅಂಗುಲ, ಅಂದರೆ 1ಕ್ಕೆ 7,920. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 13 ಅಡಿ! ಅಂಥ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಹೊದಿಸಿದರೆ ಹತ್ತಡಿಯ ವ್ಯತ್ಯಾಸ ಬರುವುದು ಆಶ್ಚರ್ಯವಲ್ಲ.

ಫೋಟೋದಿಂದಲೇ ಅಳೆದರೆ? ಅಲ್ಲಿಯೂ ಒಂದು ಸೂಕ್ಷ್ಮವಿದೆ. ಕ್ಯಾಮೆರಾಗೆ ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುತ್ತದೆ. ಚಿಕ್ಕಬಳ್ಳಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನಂದಿಬೆಟ್ಟದ ನೆತ್ತಿ 1,478 ಮೀಟರ್. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದಿಂದ ಎರಡನ್ನೂ ಒಂದೇ ಫೋಟೋದಲ್ಲಿ ತೆಗೆದರೆ, ನೆತ್ತಿಯ ಮೇಲಿನ ಒಂದು ಎಕರೆ ಬಯಲಿನ ಎಕರೆಗಿಂತ ಹೆಚ್ಚುಕಡಿಮೆ ಎರಡರಷ್ಟು ವಿಸ್ತಾರವಾಗಿ ಕಾಣುತ್ತದೆ. ಆದ್ದರಿಂದ ಒಂದೇ ಜಾಗವನ್ನು ಒಂದರ ಮೇಲೊಂದು ಬರುವಂತೆ ಹಲವು ಬಾರಿ ಫೋಟೋ ತೆಗೆಯುತ್ತಾರೆ. ನಮ್ಮ ಎರಡು ಕಣ್ಣು ಸೇರಿ ದೂರ ಅಂದಾಜು ಮಾಡುವಂತೆ, ಆ ಫೋಟೋಗಳು ಸೇರಿ ಎತ್ತರ ತಿಳಿಸುತ್ತವೆ. ನೆಲದ ಮೇಲೆ ಮೊದಲೇ ಅಳೆದಿಟ್ಟ ಗುರುತುಗಳಿಗೆ ಹೊಂದಿಸಿ ಚಿತ್ರವನ್ನು ತಿದ್ದಿದ ಮೇಲೆಯೇ ಅದು ಅಳತೆಗೆ ಯೋಗ್ಯ.

ಇದು ಬಯಲುಸೀಮೆಯ ಮಾತಾಯಿತು. ಕಾಫಿ, ಅಡಿಕೆ ತೋಟಗಳಲ್ಲಿ ಇನ್ನೂ ಎರಡು ತೊಡಕುಗಳಿವೆ. ಒಂದು, ಮೇಲಿನಿಂದ ಕಾಣುವುದು ನೆರಳುಮರದ ತಲೆ, ಅಡಿಕೆಯ ಸೋಗೆ, ಗಡಿಕಲ್ಲಲ್ಲ. ಎರಡು, ನಕ್ಷೆಯ ಅಳತೆ ಯಾವಾಗಲೂ ಸಮತಟ್ಟಿನ ಲೆಕ್ಕ. 20 ಡಿಗ್ರಿ ಇಳಿಜಾರಿನಲ್ಲಿ ಹಗ್ಗ ಹಿಡಿದು 100 ಅಡಿ ಅಳೆದರೆ ನಕ್ಷೆಯಲ್ಲಿ ಅದು 94 ಅಡಿ. ನೆಲ ಕಳೆದುಹೋಯಿತೆಂದು ಗಾಬರಿಪಡಬೇಕಿಲ್ಲ.

ಡ್ರೋನ್ ಅಳತೆಯನ್ನು ನಾನು ವಿರೋಧಿಸುವವನಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಮನೆ, ನಿವೇಶನಗಳನ್ನು ಅಳೆಯುತ್ತಾರೆ. ಸಾಗುವಳಿ ಜಮೀನು ಅದರಲ್ಲಿ ಸೇರಿಲ್ಲ. ಅದು ನಮ್ಮ ತೋಟಗಳಿಗೂ ಬರಲಿ. ಆದರೆ ಸಿದ್ಧತೆ ನಮ್ಮದು. ಟಿಪ್ಪಣಿಯ ನಕಲು ಈಗಲೇ ಪಡೆದಿಡಿ. ಗಡಿಕಲ್ಲಿನ ಸುತ್ತ ಕಳೆ ಸವರಿ ಸುಣ್ಣ ಬಳಿಯಿರಿ. ಮರದಡಿ ಮರೆಯಾದ ಕಲ್ಲನ್ನು ನೆಲದ ಮೇಲೆಯೇ ಅಳೆಯಬೇಕೆಂದು ಕೇಳಿ. ಅಳತೆಯ ದಿನ ಪಕ್ಕದ ತೋಟದವರನ್ನೂ ಕರೆಯಿರಿ. ನಮ್ಮ ಸಂಘವೂ ಟಿಪ್ಪಣಿ ಓದುವುದನ್ನು ಕಲಿಸಲು ಒಂದು ದಿನದ ಶಿಬಿರ ನಡೆಸಬೇಕೆಂದು ನನ್ನ ಕೋರಿಕೆ.

ಫೋಟೋ ನೋಡಿ ಅನುಮಾನ ಬಂದರೆ ಅರ್ಜಿ ಕೊಡೋಣ. ಗುದ್ದಲಿ ಎತ್ತುವುದು ಬೇಡ.